ಪೇಟೆ, ಪ್ಲೇಗು ಮತ್ತು ಒಂದು ಹಿಡಿ ಕೊಸರು

ಮೊದಲಿಗೆ ಒಂದು ತಪ್ಪೊಪ್ಪಿಗೆ. ಎರಡು ತಿಂಗಳ ಹಿಂದೆ ನಾನೊಂದು ಅರ್ಜಿಗೆ ಸಹಿ ಹಾಕಿದೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಒಂದು ಎಳನೀರು ಗಾಡಿ, ಒಂದು ಟೀ ತಳ್ಳುಗಾಡಿ, ಗೋಣಿಚೀಲ ಹಾಸಿಕೊಂಡು ಕೂರುವ ಒಬ್ಬ ಸೊಪ್ಪಿನಜ್ಜಿ ಇದ್ದರು. "ಇವರನ್ನೆಲ್ಲ ತೆರವು ಮಾಡಿಸಿ, ಓಡಾಡೋಕೆ ಜಾಗ ಇಲ್ಲ, ಗಲೀಜು" ಅಂತ ಸಂಘದವರು ಅರ್ಜಿ ತಯಾರು ಮಾಡಿದ್ದರು. ಅಮ್ಮನಿಗೆ ಮಂಡಿನೋವು. ಫುಟ್‌ಪಾತಿನಿಂದ ರಸ್ತೆಗಿಳಿದು, ಮತ್ತೆ ಹತ್ತಿ, ಬೈಕುಗಳ ಮಧ್ಯೆ ನಡೆದು ಬರೋದು ಅವರಿಗೆ ನಿಜಕ್ಕೂ ಕಷ್ಟ. ಹಾಗಾಗಿ ಹೆಚ್ಚು ಯೋಚನೆ ಮಾಡದೆ ಸಹಿ ಹಾಕಿದೆ. ಒಂದು ಗುರುವಾರ ಬೆಳಿಗ್ಗೆ ಲಾರಿ ಬಂತು. ಗಾಡಿಗಳು ಹೋದವು. ಗೋಣಿಚೀಲವೂ ಹೋಯ್ತು.

ಅವತ್ತಿಂದ ಫುಟ್‌ಪಾತ್ ಖಾಲಿ ಇದೆ. ಖಾಲಿ ಅಂದ್ರೆ, ಮೊದಲ ವಾರ ಖಾಲಿ ಇತ್ತು, ಈಗ ಅಲ್ಲಿ ಕಾರು ನಿಲ್ಲಿಸ್ತಾರೆ. ಅಮ್ಮ ಮೊದಲಿನ ಹಾಗೇ ರಸ್ತೆಗಿಳಿದು ನಡೀತಾರೆ :) ರಾತ್ರಿ ಒಂಬತ್ತೂವರೆಗೆ ಆಫೀಸಿನ ಕ್ಯಾಬ್ ಇಳಿದು ಬರುವಾಗ ಆ ತಿರುವಿನಲ್ಲಿ ಟೀ ಗಾಡಿಯ ಬಲ್ಬು ಉರೀತಿತ್ತು, ನಾಲ್ಕು ಜನ ನಿಂತಿರ್ತಿದ್ರು. ಈಗ ಬೀದಿದೀಪ ಇದೆ, ಜನ ಇಲ್ಲ. ಮೂರನೇ ಮಹಡಿಯ ಹುಡುಗಿಯೊಬ್ಬಳು ಆ ತಿರುವಿನಲ್ಲಿ ನಡೆಯೋಕೆ ಹೆದರಿಕೆ ಆಗತ್ತೆ ಅಂತ ಗ್ರೂಪಿನಲ್ಲಿ ಬರೆದಳು. ಸಿಸಿಟಿವಿ ಹಾಕಿಸೋಣ ಅಂತ ಯಾರೋ ಉತ್ತರ ಕೊಟ್ಟರು.

ಇದು ತಲೆಯಲ್ಲಿ ಕೊರೆಯೋಕೆ ಶುರುವಾದ ಮೇಲೆ, ನಮ್ಮ ಊರಿನ "ಗಲೀಜು" ಮತ್ತು "ಶಿಸ್ತು" ಎರಡರ ಇತಿಹಾಸ ಏನು ಅಂತ ಓದ್ತಾ ಹೋದೆ. ಓದಿದ್ದನ್ನ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಎಸ್‌ಪಿ ರೋಡಿನ ಪಾಠ

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಎಸ್‌ಪಿ ರೋಡು, ಅಂದರೆ ಸಾದರ ಪತ್ರಪ್ಪ ರಸ್ತೆ, ಗೊತ್ತಿಲ್ಲದೆ ಇರೋಕೆ ಸಾಧ್ಯವೇ ಇಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮದು ಎಲ್ಲರ ಹಾಗೇ ಮಣ್ಣಿನ ತೇವ ನೋಡಿ ತಾನೇ ನೀರು ಬಿಡುವ ಪಂಪು. ಡೆಮೊ ಹಿಂದಿನ ದಿನ ಮೋಟಾರ್ ಡ್ರೈವರ್ ಐಸಿ ಸುಟ್ಟುಹೋಯ್ತು. ಆನ್‌ಲೈನಿನಲ್ಲಿ ತರಿಸಿದರೆ ಮೂರು ದಿನ. ಬಸ್ಸು ಹತ್ತಿ ಟೌನ್‌ಹಾಲ್ ಹತ್ತಿರ ಇಳಿದು ಓಡಿದೆ.

ಅಂಗಡಿ ಅಂದರೆ ಒಂದು ಬೀರುವಿನಷ್ಟು ಜಾಗ. ಅದರೊಳಗೆ ಗೋಡೆ ತುಂಬ ಸಣ್ಣ ಸಣ್ಣ ಡಬ್ಬಿ. ನಾನು ಐಸಿ ನಂಬರ್ ಹೇಳಿದೆ. ಅಂಗಡಿಯವರು ಕೊಡಲಿಲ್ಲ! "ಯಾತಕ್ಕೆ?" ಅಂದರು. ಹೇಳಿದೆ. "ಆ ಪಂಪು ಎಳೆಯೋ ಕರೆಂಟಿಗೆ ಇದು ಮತ್ತೆ ಸುಡತ್ತೆ ಸಾರ್, ರಿಲೇ ಹಾಕಿ" ಅಂದರು. ಅವರ ಹತ್ತಿರ ರಿಲೇ ಬೋರ್ಡ್ ಇರಲಿಲ್ಲ, ಎರಡು ಅಂಗಡಿ ಆಚೆ ಹುಡುಗನನ್ನು ಕಳಿಸಿ ತರಿಸಿದರು. ಹೊರಡುವಾಗ "ಇರಲಿ ತಗೊಳ್ಳಿ" ಅಂತ ನಾಲ್ಕು ರೆಸಿಸ್ಟರ್, ಒಂದು ಡಯೋಡ್ ಕೊಸರು ಹಾಕಿದರು. ನಾಲ್ಕು ವರ್ಷ ಓದಿದ ನಾವು ನಾಲ್ಕು ಜನ ಡೇಟಾಶೀಟ್ ಸರಿಯಾಗಿ ನೋಡಿರಲಿಲ್ಲ, ಆ ಅಂಗಡಿಯವರು ಕೌಂಟರಿನಲ್ಲೇ ನಮ್ಮ ವೈವಾ ಮುಗಿಸಿದ್ದರು.

ಅಲ್ಲಿ ನಡೆದದ್ದನ್ನ ಸ್ವಲ್ಪ ಬಿಡಿಸಿ ನೋಡಿ. ಪಕ್ಕದ ಅಂಗಡಿ ಪ್ರತಿಸ್ಪರ್ಧಿ, ಆದರೂ ಅವನ ಹತ್ತಿರದ ಮಾಲು ಇವನ ಗಿರಾಕಿಗೆ ಸಿಕ್ಕಿತು. ಹತ್ತಾರು ಅಂಗಡಿಗಳು ಒಟ್ಟಿಗೆ ಸೇರಿ ಒಂದು ದೊಡ್ಡ ಗೋದಾಮಿನ ಹಾಗೆ ಕೆಲಸ ಮಾಡ್ತಿದ್ದವು, ಆದರೆ ಅದಕ್ಕೆ ಮ್ಯಾನೇಜರ್ ಇಲ್ಲ, ಒಪ್ಪಂದದ ಕಾಗದ ಇಲ್ಲ. ಜಾಗ ಇಕ್ಕಟ್ಟಾಗಿದ್ದರಿಂದಲೇ ಅಂಗಡಿಗಳು ಒಂದಕ್ಕೊಂದು ಕೂಗಿದರೆ ಕೇಳುವಷ್ಟು ಹತ್ತಿರ. ಇದನ್ನೇ ತಂದು ಊರಾಚೆ ಅಗಲವಾದ ರಸ್ತೆಯ ಒಂದು "ಎಲೆಕ್ಟ್ರಾನಿಕ್ಸ್ ಕಾಂಪ್ಲೆಕ್ಸ್"ನಲ್ಲಿ ಇಟ್ಟರೆ ಅಂಗಡಿಗಳು ಬರಬಹುದು, ಆ ಕೂಗು ಬರೋದು ಅನುಮಾನ.

ಪೇಟೆ ಅನ್ನೋ ವ್ಯವಸ್ಥೆ

ಎಸ್‌ಪಿ ರೋಡು ಅಂಟಿಕೊಂಡಿರೋದು ಹಳೇ ಪೇಟೆಗೆ. ಕೆಂಪೇಗೌಡರು 1537ರಲ್ಲಿ ಕಟ್ಟಿದರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ ಊರು ಇದೇ. ಎರಡು ಮುಖ್ಯ ಬೀದಿಗಳು, ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ (ಇವತ್ತಿನ ಅವೆನ್ಯೂ ರಸ್ತೆ), ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ. ಈ ಎರಡು ಬೀದಿಗಳ ಸುತ್ತ ಕಸುಬಿಗೊಂದು ಪೇಟೆ: ಅಕ್ಕಿಪೇಟೆ, ತರಗುಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ, ತಿಗಳರಪೇಟೆ. ಹೆಸರು ಓದಿದರೆ ಸಾಕು, ಯಾರು ಎಲ್ಲಿದ್ದರು, ಏನು ಮಾಡ್ತಿದ್ದರು ಅಂತ ಗೊತ್ತಾಗತ್ತೆ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಈ ಊರಿಗೆ ಬಂದು ನೇಕಾರರು, ವರ್ತಕರು ಇವರ ಕೆಲಸದ ವಿವರಗಳನ್ನ ಪುಟಗಟ್ಟಲೆ ಬರೆದುಕೊಂಡು ಹೋದ.

ಹೊರಗಿನವರ ಕಣ್ಣಿಗೆ ಈ ಪೇಟೆ ಒಂದು ಗೋಜಲು. ಗಲ್ಲಿಗಳು ನೇರ ಇಲ್ಲ, ಒಂದು ಕಡೆ ಎರಡು ಗಾಡಿ ಹೋಗಬಹುದು, ಇನ್ನೊಂದು ಕಡೆ ಇಬ್ಬರು ಎದುರು ಬಂದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು. ಮುಂದೆ ಅಂಗಡಿ, ಹಿಂದೆ ಮನೆ, ನಡುಮನೆಯಲ್ಲಿ ಮಗ್ಗ. ಮನೆ ಯಾವುದು ಕಾರ್ಖಾನೆ ಯಾವುದು ಹೇಳೋಕಾಗಲ್ಲ. ಆದರೆ ಒಳಗಿನವರಿಗೆ ಅದರಲ್ಲಿ ಗೋಜಲೇನೂ ಇರಲಿಲ್ಲ. ಬಿಸಿಲಿಗೆ ನೆರಳು ಕೊಡುವಷ್ಟು ಕಿರಿದು, ತಲೆಹೊರೆ ಹೋಗುವಷ್ಟು ಅಗಲ. ಮಗ್ಗದ ಪಕ್ಕದಲ್ಲೇ ಅಡುಗೆಮನೆ ಇದ್ದಿದ್ದರಿಂದ ಮನೆಮಂದಿಯೆಲ್ಲ ದುಡೀಬಹುದಿತ್ತು.

ಇದಕ್ಕೆ ಇವತ್ತಿಗೂ ಒಂದು ಸಾಕ್ಷಿ ಬೇಕು ಅಂದರೆ ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆಗೆ ಹೋಗಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಈ ಗಲ್ಲಿಗಳಲ್ಲೇ ಸುತ್ತಿ, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರತ್ತೆ. ಈ ಕರಗಕ್ಕೆ ದಾರಿ ಕೊಟ್ಟಿದ್ದು ಯಾವ ಇಂಜಿನಿಯರನ ನಕಾಶೆಯೂ ಅಲ್ಲ. ಯಾರ ಗುಡಿ ಮುಂದೆ ನಿಲ್ಲಬೇಕು, ಯಾರಿಗೆ ಮರ್ಯಾದೆ ಸಲ್ಲಬೇಕು ಅನ್ನೋದು ತಲೆಮಾರುಗಳ ಚೌಕಾಸಿಯಲ್ಲಿ ತೀರ್ಮಾನ ಆಗಿರೋದು.

ಪ್ಲೇಗು ಬಂತು

ಹಾಗಂತ ಪೇಟೆ ಸ್ವರ್ಗ ಆಗಿತ್ತು ಅಂತ ನಾನು ಹೇಳ್ತಿಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ದಾರಿ ಹಿಡಿದು ಬೆಂಗಳೂರಿಗೆ ಬಂತು. ಇಕ್ಕಟ್ಟಿನ ಮನೆ, ಮಣ್ಣಿನ ಗೋಡೆ, ಪಕ್ಕದಲ್ಲೇ ಧಾನ್ಯದ ಮೂಟೆ. ಇಲಿಗಳಿಗೆ ಇನ್ನೇನು ಬೇಕು? ಜನ ಸತ್ತರು, ಉಳಿದವರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. 1891ರ ಜನಗಣತಿಯಲ್ಲಿ ಪೇಟೆ ಮತ್ತು ದಂಡು ಸೇರಿ ಬೆಂಗಳೂರಿನ ಜನಸಂಖ್ಯೆ 1,80,366 ಇತ್ತು. 1901ರಲ್ಲಿ ಅದು 1,59,046. ಬೆಳೀಬೇಕಾದ ಊರಿನಲ್ಲಿ ಹತ್ತು ವರ್ಷದಲ್ಲಿ ಇಪ್ಪತ್ತೊಂದು ಸಾವಿರ ಜನ ಕಡಿಮೆ! ಊರಿನ ಅಲ್ಲಲ್ಲಿ ಇವತ್ತಿಗೂ ಇರುವ ಪ್ಲೇಗಮ್ಮನ ಗುಡಿಗಳು ಆ ಭಯದ ನೆನಪು.

ಸರ್ಕಾರ ಏನು ಮಾಡಿತು? ಮನೆಗಳಿಗೆ ನುಗ್ಗಿ ಔಷಧ ಹೊಡೀತು, ಜನರನ್ನು ಕ್ಯಾಂಪಿಗೆ ಸಾಗಿಸಿತು, ಪೇಟೆಯಲ್ಲಿ ಮನೆ ಕೆಡವಿ ರಸ್ತೆ ಅಗಲ ಮಾಡಿತು. ರೋಗ ಬರೋದು ಕೆಟ್ಟ ಗಾಳಿಯಿಂದ, ಗಾಳಿ ಬೆಳಕು ಆಡುವ ನೇರ ರಸ್ತೆ ಇದ್ದರೆ ರೋಗ ಇರಲ್ಲ ಅನ್ನೋದು ಆ ಕಾಲದ ಬಹಳ ಅಧಿಕಾರಿಗಳ ನಂಬಿಕೆ. ತಮಾಷೆ ನೋಡಿ, ಅದೇ 1898ರಲ್ಲಿ ಪೌಲ್ ಲೂಯಿ ಸಿಮೋಂಡ್ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ, ಪ್ಲೇಗು ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ ತೋರಿಸಿದ್ದ. ಅವನ ಮಾತನ್ನ ವೈದ್ಯಲೋಕ ಒಪ್ಪಿಕೊಳ್ಳೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು. ಅಷ್ಟರಲ್ಲಿ ಗೋಡೆಗಳು ಬಿದ್ದಾಗಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ಎಲ್ಲಿದೆ ಅಂತ ಗೊತ್ತಾಗುವ ಮುಂಚೆ ಮಾಡ್ಯೂಲನ್ನೇ ಡಿಲೀಟ್ ಮಾಡಿದ ಹಾಗೆ.

1890ರ ದಶಕದಲ್ಲೇ ನಕಾಶೆ ಬರೆದಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳಿಗೆ ಪ್ಲೇಗು ವೇಗ ಕೊಟ್ಟಿತು. ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಮೇನು, ಕ್ರಾಸು, ಮನೆ ಸುತ್ತ ಜಾಗ, ಉದ್ಯಾನ. ಇವತ್ತು ನಾವೆಲ್ಲ "ಆಹಾ ಹಳೇ ಬೆಂಗಳೂರು" ಅಂತ ನಿಟ್ಟುಸಿರು ಬಿಡೋದು ಈ ಬಡಾವಣೆಗಳನ್ನ ನೋಡಿಯೇ. ನನಗೂ ಇಷ್ಟವೇ. ಆದರೆ ಈ ನಕಾಶೆಯಲ್ಲಿ ಮನೆಗಳ ಎರಡು ಸಾಲಿನ ನಡುವೆ ಒಂದು ಸಣ್ಣ ಹಿಂಗಲ್ಲಿ ಇರ್ತಿತ್ತು, ಕನ್ಸರ್ವೆನ್ಸಿ ಲೇನ್ ಅಂತ. ಮಲ್ಲೇಶ್ವರದಲ್ಲಿ ಈಗಲೂ ನೋಡಬಹುದು. ಅದು ಇದ್ದದ್ದು ಯಾಕೆ ಗೊತ್ತಾ? ಮನೆಯ ಹಿಂಭಾಗದ ಕಕ್ಕಸಿನಿಂದ ಮಲ ಹೊತ್ತೊಯ್ಯುವವರು ಮುಂದಿನ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಅಂತ. ಮುಂದಿನ ರಸ್ತೆಯ ಅಚ್ಚುಕಟ್ಟು ಸುಮ್ಮನೆ ಬಂದದ್ದಲ್ಲ. ಅದರ ಹೊರೆ ಹೊತ್ತವರು ಹಿಂದಿನ ಗಲ್ಲಿಯಲ್ಲಿ ನಡೀತಿದ್ದರು. ನೀಟಾದ ಊರಿನ ಫೋಟೋ ನೋಡಿದಾಗಲೆಲ್ಲ ಈಗ ನಾನು ಹಿಂಗಲ್ಲಿ ಹುಡುಕ್ತೀನಿ.

ಗೆರೆ ಎಳೆದ ಆ ಬಡಾವಣೆಗಳಲ್ಲಿ ನಮಗೆ ಅತಿ ಪ್ರಿಯವಾದ ಜಾಗಗಳು ಯಾವುವು ಹೇಳಿ? ಮಲ್ಲೇಶ್ವರದ ಎಂಟನೇ ಕ್ರಾಸು, ಬಸವನಗುಡಿಯ ಗಾಂಧಿ ಬಜಾರು. ಸಂಜೆ ಹೂವು, ಬಾಳೆಎಲೆ, ಅವರೆಕಾಯಿ, ಹಣ್ಣು ಹರಡಿಕೊಂಡು ಕೂತವರು. ಹಬ್ಬದ ಹಿಂದಿನ ದಿನ ಕಾಲಿಡೋಕೂ ಜಾಗ ಇಲ್ಲದಷ್ಟು ಜನ. ಕಾರ್ತಿಕದ ಕೊನೆ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ. ಈ ಪರಿಷೆ ಬಡಾವಣೆಗಿಂತ ಹಳೇದು, ಸುತ್ತಲ ಹಳ್ಳಿಯ ರೈತರದ್ದು. ನೇರ ರಸ್ತೆ ಬಂದ ಮೇಲೂ ರೈತರು ಬಂದು ಕೂರೋದು ಬಿಡಲಿಲ್ಲ, ರಸ್ತೆ ಅವರಿಗೆ ಜಾಗ ಬಿಟ್ಟಿತು. ಪ್ಲಾನು ಚೆನ್ನಾಗಿತ್ತು, ನಿಜ. ಆದರೆ ಬಸವನಗುಡಿ ಬಸವನಗುಡಿ ಆಗಿದ್ದು ಪ್ಲಾನಿನ ಮೇಲೆ ಬಿದ್ದ ಈ ಕೊಸರಿನಿಂದ.

ಬಳ್ಳಾರಿಗೆ ಬಂದ ಗಡ್ಡದ ಸಾಹೇಬ

ಅದೇ ಕಾಲದಲ್ಲಿ ಇನ್ನೊಂದು ದಾರಿ ತೋರಿಸಿದ ಮನುಷ್ಯ ಪ್ಯಾಟ್ರಿಕ್ ಗೆಡ್ಡಿಸ್ (1854-1932). ಸ್ಕಾಟ್ಲೆಂಡಿನವ, ಮೂಲತಃ ಜೀವಶಾಸ್ತ್ರಜ್ಞ. 1914ರಲ್ಲಿ ಭಾರತಕ್ಕೆ ಬಂದ. ನಗರಗಳ ಬಗ್ಗೆ ಅವನು ವರ್ಷಗಟ್ಟಲೆ ಕೂಡಿಸಿದ್ದ ಪ್ರದರ್ಶನದ ನಕಾಶೆ, ಚಿತ್ರಗಳು ಹಿಂದಿನಿಂದ ಹಡಗಿನಲ್ಲಿ ಬರ್ತಿದ್ದವು. ಆ ಹಡಗನ್ನ ಜರ್ಮನಿಯ ಎಂಡೆನ್ ಯುದ್ಧನೌಕೆ ಮುಳುಗಿಸಿತು. (ಮದ್ರಾಸಿಗೆ ಗುಂಡು ಹೊಡೆದ ಅದೇ ಎಂಡೆನ್!) ಬ್ಯಾಕಪ್ ಇಲ್ಲದೆ ಹಾರ್ಡ್ ಡಿಸ್ಕ್ ಹೋದ ಹಾಗೆ. ಆದರೂ ಸ್ನೇಹಿತರ ನೆರವಿನಿಂದ ಹೊಸ ಸಾಮಗ್ರಿ ಕೂಡಿಸಿಕೊಂಡು 1915ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ಮಾಡಿದ. ಆಮೇಲೆ ಮದ್ರಾಸ್ ಪ್ರಾಂತ್ಯದ ಊರೂರು ಸುತ್ತಿ ವರದಿ ಬರೆದ. ಅದರಲ್ಲಿ ನಮ್ಮ ಬಳ್ಳಾರಿಯೂ ಒಂದು.

ಅವನ ಕೆಲಸದ ರೀತಿ ಸರಳ. ಮೊದಲು ಊರಿನಲ್ಲಿ ನಡೀಬೇಕು. ಗಲ್ಲಿ ಗಲ್ಲಿ, ಬಾವಿ, ಕಟ್ಟೆ, ಮರ, ಬಿದ್ದ ಮನೆ ಎಲ್ಲ ನೋಡಬೇಕು. ಆಮೇಲೆ ಎಲ್ಲಿ ತೀರಾ ಹಾಳಾಗಿದೆಯೋ ಅಷ್ಟನ್ನೇ ತೆಗೀಬೇಕು, ಖಾಲಿ ಜಾಗ ಸೇರಿಸಿ ಒಂದು ಸಣ್ಣ ಚೌಕ ಮಾಡಬೇಕು, ಒಂದು ಮರ ನೆಡಬೇಕು, ಉಳಿದದ್ದನ್ನ ಮುಟ್ಟಬಾರದು. ಇದಕ್ಕೆ ಅವನು ಕೊಟ್ಟ ಹೆಸರು "ಕನ್ಸರ್ವೇಟಿವ್ ಸರ್ಜರಿ", ಅಂದರೆ ಕೈಕಾಲು ಕತ್ತರಿಸದೆ ಮಾಡುವ ಶಸ್ತ್ರಚಿಕಿತ್ಸೆ. ತಂಜಾವೂರಿನ ಒಂದು ಇಕ್ಕಟ್ಟಿನ ಪ್ರದೇಶಕ್ಕೆ ಅಧಿಕಾರಿಗಳು ನೇರ ರಸ್ತೆ ಕೊರೆಯುವ ಯೋಜನೆ ಮಾಡಿದ್ದರು. ಮೊದಲ ಹಂತಕ್ಕೇ 30,000 ರೂಪಾಯಿ, ಮನೆ ಕಳಕೊಂಡವರಿಗೆ ಬೇರೆ ಜಾಗದ ಖರ್ಚು ಪ್ರತ್ಯೇಕ. ಗೆಡ್ಡಿಸ್ ಕೊಟ್ಟ ಬದಲಿ ಯೋಜನೆಗೆ ಸುಮಾರು 5,000 ಸಾಕಿತ್ತು.

ಅವನ ಇಂದೂರಿನ ಕಥೆಯಂತೂ ನನಗೆ ತುಂಬ ಇಷ್ಟ. ಅಲ್ಲೂ ಪ್ಲೇಗಿನ ಕಾಟ. ಊರಲ್ಲಿ ಅಳತೆ ಮಾಡ್ತಾ ಓಡಾಡುವ ಈ ಗಡ್ಡದ ಸಾಹೇಬನೇ ಪ್ಲೇಗು ತರ್ತಾನೆ ಅಂತ ಜನರಿಗೆ ಅನುಮಾನ. ಯಾಕೆ ಬರಲ್ಲ, ಅಳತೆ ಮಾಡಿದವರ ಹಿಂದೇ ಮನೆ ಕೆಡವುವವರು ಬರೋದನ್ನ ಅವರು ಕಂಡಿದ್ದರಲ್ಲ. ಗೆಡ್ಡಿಸ್ ಮಹಾರಾಜರನ್ನ ಕೇಳಿ ಒಂದು ದಿನದ ಮಟ್ಟಿಗೆ ಮಹಾರಾಜನ ಅಧಿಕಾರ ಪಡೆದ. ದೀಪಾವಳಿಗೆ ಒಂದು ದೊಡ್ಡ ಮೆರವಣಿಗೆ ಅಂತ ಸಾರಿಸಿದ. ಎಲ್ಲಿ ಜನ ಮನೆ, ಬೀದಿ ಚೊಕ್ಕಟ ಮಾಡಿಕೊಂಡಿರ್ತಾರೋ ಆ ಬೀದಿಗಳಲ್ಲೇ ಮೆರವಣಿಗೆ ಹೋಗತ್ತೆ ಅಂದ. ಬೀದಿ ಬೀದಿಗೂ ಪೈಪೋಟಿ ಬಿತ್ತು. ಜನ ತಾವೇ ಕಸ ಎತ್ತಿದರು, ಇಲಿ ಹಿಡಿದರು, ಸುಣ್ಣ ಬಳಿದರು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಪ್ರತಿಕೃತಿ ಹೊತ್ತೊಯ್ದು ಸುಟ್ಟರು. ಒಂದು ಗಲ್ಲಿಯನ್ನೂ ನೇರ ಮಾಡದೆ ಊರು ಚೊಕ್ಕಟವಾಯ್ತು.

ನಾವು ಸಾಫ್ಟ್‌ವೇರಿನವರಿಗೆ ಇದು ಗೊತ್ತಿರುವ ಪಾಠವೇ. ಹಳೇ ಕೋಡು ನೋಡಿದ ತಕ್ಷಣ ಹೊಸ ಇಂಜಿನಿಯರ್ ಹೇಳೋ ಮೊದಲ ಮಾತು "ಇದನ್ನೆಲ್ಲ ಎಸೆದು ಮೊದಲಿಂದ ಬರೆಯೋಣ". ನಾನೂ ಹೇಳಿದೀನಿ, ಉಗಿಸಿಕೊಂಡೂ ಇದೀನಿ :) ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ಹಾಗೇ ಮಾಡೋಕೆ ಹೊರಟು, ಆವೃತ್ತಿ 5 ಬಿಡುಗಡೆಯಾಗದೇ ಹೋಗಿ, 2000ದ ಕೊನೆಗೆ ಆವೃತ್ತಿ 6 ತರುವಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟುಹೋಗಿತ್ತು. ಹಳೇ ಕೋಡಿನ ಆ ವಿಚಿತ್ರವಾದ ಒಂದು ಸಾಲು, ಯಾವನೋ ಒಬ್ಬ ಗಿರಾಕಿಯ ಯಾವುದೋ ಒಂದು ಕಷ್ಟಕ್ಕೆ ಯಾರೋ ಬರೆದ ಪರಿಹಾರ ಆಗಿರತ್ತೆ. ಗಲ್ಲಿಯ ಡೊಂಕೂ ಹಾಗೇ ಇರಬಹುದಲ್ವಾ?

ಮೊದಲಿಂದ ಬರೆದ ಊರು

ಮೊದಲಿಂದ ಬರೆದ ಊರು ಒಂದಿದೆ, ಬ್ರೆಜಿಲ್ ದೇಶದ ರಾಜಧಾನಿ ಬ್ರಸೀಲಿಯಾ. ಲೂಸಿಯೋ ಕೋಸ್ಟಾ ನಕಾಶೆ ಬರೆದ, ಆಸ್ಕರ್ ನೀಮೆಯರ್ ಕಟ್ಟಡಗಳ ವಿನ್ಯಾಸ ಮಾಡಿದ, 1960ರ ಏಪ್ರಿಲ್ 21ರಂದು ಉದ್ಘಾಟನೆ ಆಯ್ತು. ಮೇಲಿಂದ ನೋಡಿದರೆ ವಿಮಾನದ ಆಕಾರ. ವಾಸಕ್ಕೆ ಒಂದು ಕಡೆ, ಕಚೇರಿಗೆ ಒಂದು ಕಡೆ, ಬ್ಯಾಂಕಿಗೆ ಇನ್ನೊಂದು ಕಡೆ. ಅಂಗಡಿ ಸಾಲಿನ ಮುಖ ಮನೆಗಳ ಕಡೆಯ ಹಸಿರು ಜಾಗಕ್ಕೆ ಇರಬೇಕು, ಬೆನ್ನು ಗಾಡಿಗಳು ಬರುವ ರಸ್ತೆಗೆ ಅಂತ ನಕಾಶೆ ಹೇಳ್ತಿತ್ತು. ಜನ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಅಂಗಡಿಯ ಮುಖವನ್ನ ರಸ್ತೆ ಕಡೆಗೆ ತಿರುಗಿಸಿದ್ದು! ಬೀದಿ ಬೇಡ ಅಂತ ಕಟ್ಟಿದ ಊರಿನಲ್ಲಿ ಜನ ಬೀದಿ ಮಾಡಿಕೊಂಡರು.

ಇನ್ನೂ ದೊಡ್ಡ ವಿಷಯ ಅಂದರೆ, ಆ ಊರು ಕಟ್ಟಿದ ಕೂಲಿಯವರಿಗೆ ನಕಾಶೆಯಲ್ಲಿ ಮನೆಯೇ ಇರಲಿಲ್ಲ. 1956ರಿಂದ ಅವರಿಗೆ ಮರದ ಹಲಗೆಯ ಒಂದು ತಾತ್ಕಾಲಿಕ ಊರು, "ಸಿದಾದೆ ಲಿವ್ರೆ" ಅಂದರೆ ಸ್ವತಂತ್ರ ಪಟ್ಟಣ ಅಂತ. ಉದ್ಘಾಟನೆ ಆದ ಮೇಲೆ ಕೆಡವೋದು ಅಂತ ತೀರ್ಮಾನ ಆಗಿತ್ತು. ಜನ ಎದ್ದು ನಿಂತರು, 1961ರ ಕೊನೆಗೆ ಕಾನೂನೇ ಅದನ್ನ ಕಾಯಂ ಊರು ಅಂತ ಒಪ್ಪಿಕೊಳ್ಳಬೇಕಾಯ್ತು. ಅದೇ 1961ರಲ್ಲಿ ನ್ಯೂಯಾರ್ಕಿನ ಜೇನ್ ಜೇಕಬ್ಸ್, ನಗರ ಯೋಜನೆಯಲ್ಲಿ ಯಾವ ಡಿಗ್ರಿಯೂ ಇಲ್ಲದ ಪತ್ರಕರ್ತೆ, ಅಮೆರಿಕದ ನಗರಗಳ ಸಾವು ಬದುಕಿನ ಬಗ್ಗೆ ತಮ್ಮ ಪ್ರಸಿದ್ಧ ಪುಸ್ತಕ ಹೊರತಂದರು. ಬೀದಿಯನ್ನ ಸುರಕ್ಷಿತವಾಗಿ ಇಡೋದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಸುಮ್ಮನೆ ಓಡಾಡುವವರು ಅನ್ನೋದು ಅವರ ವಾದ. ಅದನ್ನ ಓದಿದಾಗ ನನಗೆ ಥಟ್ಟನೆ ನೆನಪಾಗಿದ್ದು ನಮ್ಮ ತಿರುವಿನ ಟೀ ಗಾಡಿಯ ಬಲ್ಬು.

ಹಾಗಾದ್ರೆ ಎಲ್ಲ ಅವ್ಯವಸ್ಥೆಯೂ ಒಳ್ಳೇದಾ?

ಖಂಡಿತ ಅಲ್ಲ. ಬೆಂಕಿ ಬಿದ್ದಾಗ ಅಗ್ನಿಶಾಮಕ ಗಾಡಿ ಒಳಗೆ ಹೋಗದ ಗಲ್ಲಿಯನ್ನ ಹಾಡಿ ಹೊಗಳೋಕೆ ನಾನು ತಯಾರಿಲ್ಲ. ಅಮ್ಮನ ಮಂಡಿನೋವೂ ಸುಳ್ಳಲ್ಲ. ಕಾಗದ ಇಲ್ಲದ ಕಡೆ ಮಾಮೂಲು ಇರತ್ತೆ, ಗಾಡಿಯವರು ದಿನಾ ಯಾರ್ಯಾರಿಗೋ ಕೈ ಬಿಸಿ ಮಾಡಬೇಕಾಗತ್ತೆ. ಅದನ್ನ ರೊಮ್ಯಾಂಟಿಕ್ ಆಗಿ ನೋಡೋದು ಕಂಪ್ಯೂಟರ್ ಮುಂದೆ ಕೂತವರಿಗೆ ಸುಲಭ.

ಆದರೆ ಒಂದು ವ್ಯತ್ಯಾಸ ಗಮನಿಸಿ. ನಮ್ಮ ಅಪಾರ್ಟ್‌ಮೆಂಟಿನ ವಿಷಯಕ್ಕೇ ಬರ್ತೀನಿ. ಅಪ್ಪ ಈ ಮನೆ ಕೊಂಡಾಗ ಅದು ಬಿ ಖಾತಾ. ನಕಾಶೆಯಲ್ಲಿ ಇರಬೇಕಾದಷ್ಟು ಜಾಗ ಸುತ್ತ ಬಿಟ್ಟಿಲ್ಲ, ಪಕ್ಕದ ಕಟ್ಟಡಕ್ಕೂ ನಮಗೂ ಮಧ್ಯೆ ಕೈ ಚಾಚಿದರೆ ಸಕ್ಕರೆ ಸಾಲ ಕೇಳಬಹುದು. ಅಂದರೆ ಅಕ್ರಮದಲ್ಲಿ ನಾವೂ ಪಾಲುದಾರರೇ. ನಮ್ಮಂಥವರಿಗಾಗಿ ಸರ್ಕಾರ 2007ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಅಕ್ರಮ ಸಕ್ರಮ ಯೋಜನೆ ಮಾಡಿತು, 2014ರಲ್ಲಿ ನಿಯಮ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ತಡೆ ಇರಲಿ, ಇಲ್ಲದಿರಲಿ, ನಮ್ಮ ಬಾಲ್ಕನಿಗೆ ಯಾರೂ ಲಾರಿ ತರಲಿಲ್ಲ. ಒಂದು ಗೋಣಿಚೀಲಕ್ಕೆ ತಂದರು. ರಾಜಕಾಲುವೆ ಮೇಲೆ ಕಟ್ಟಿದ ಕಟ್ಟಡವೂ ಅವ್ಯವಸ್ಥೆ, ಸೊಪ್ಪಿನಜ್ಜಿಯ ಗೋಣಿಚೀಲವೂ ಅವ್ಯವಸ್ಥೆ ಅಂತ ಒಂದೇ ಪದ ಬಳಸೋದೇ ತಪ್ಪು ಅಂತ ನನಗೀಗ ಅನ್ಸತ್ತೆ. ಮೊದಲನೆಯದು ಮಳೆ ಬಂದಾಗ ಇಡೀ ಬಡಾವಣೆ ಮುಳುಗಿಸತ್ತೆ. ಎರಡನೆಯದನ್ನ ಸಂಜೆ ಮಡಚಿ ಕಂಕುಳಲ್ಲಿ ಇಟ್ಕೊಂಡು ಹೋಗಬಹುದು.

ಕಾನೂನು ಕೂಡ ಇದನ್ನ ಒಪ್ಪಿಕೊಂಡಿದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೀದಿಬದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿಯ ವೃತ್ತಿ ಸ್ವಾತಂತ್ರ್ಯದ ಒಳಗೇ ಬರತ್ತೆ, ನ್ಯಾಯವಾದ ನಿರ್ಬಂಧ ಹಾಕಬಹುದು ಅಷ್ಟೇ ಅಂದಿತು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯ್ದೆ ಮಾಡಿತು. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ತನಕ ವ್ಯಾಪಾರಿಯನ್ನ ಎಬ್ಬಿಸಬಾರದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಜನ ತಾವಾಗೇ ಬಂದು ಕೊಂಡು ಮಾರುವ ಜಾಗಕ್ಕೆ ಆ ಕಾಯ್ದೆ "ಸಹಜ ಮಾರುಕಟ್ಟೆ" ಅಂತ ಹೆಸರಿಟ್ಟಿದೆ, ಐವತ್ತು ವರ್ಷಕ್ಕೂ ಹಳೇದಾದರೆ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಂದ ಯಾರನ್ನೂ ಎಬ್ಬಿಸಬಾರದು ಅಂತಲೂ ಬರೆದಿದೆ. ಅಂದರೆ ಪೇಟೆ ಐನೂರು ವರ್ಷದಿಂದ ಮಾಡ್ತಿದ್ದದ್ದಕ್ಕೆ ಕೊನೆಗೂ ಒಂದು ಸೆಕ್ಷನ್ ನಂಬರ್ ಸಿಕ್ಕಿತು! ನಮ್ಮ ಅರ್ಜಿಯಲ್ಲಿ ಈ ಕಾಯ್ದೆಯ ಹೆಸರೇ ಇರಲಿಲ್ಲ. ಓದದೆ ಸಹಿ ಹಾಕಿದ ನನ್ನದೂ ತಪ್ಪು.

ಕೊಸರು

ಮೊನ್ನೆ ಭಾನುವಾರ ನಾಲ್ಕು ರಸ್ತೆ ಆಚೆ, ಒಂದು ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗೆ ಸೊಪ್ಪಿನಜ್ಜಿ ಸಿಕ್ಕರು. ಗೋಣಿಚೀಲ ಹೊಸದು.

"ಏನಪ್ಪಾ, ಅಮ್ಮನ ಮಂಡಿ ಹೆಂಗೈತೆ?" ಅಂದರು. ನಾನು ಹೂಂ ಅಂದೆ.

"ಅಲ್ಲಿ ಕೂರಂಗಿಲ್ಲ ಅಂತ ಎಬ್ಬಿಸ್ಬುಟ್ರು ಕಣಪ್ಪಾ. ಯಾರೋ ದೊಡ್ಡೋರು ಬರ್ದು ಕೊಟ್ಟವ್ರಂತೆ. ಇಲ್ಲಿ ಯಾಪಾರ ಅರ್ಧನೂ ಇಲ್ಲ."

ನಾನು ಎರಡು ಕಟ್ಟು ಮೆಂತ್ಯ, ಒಂದು ಕಟ್ಟು ದಂಟು ತಗೊಂಡೆ. ದುಡ್ಡು ಕೊಟ್ಟೆ. ಅಜ್ಜಿ ಎಂದಿನ ಹಾಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಕೊಸರು ಹಾಕಿದರು. ಬೇಡ ಅಂದೆ. "ಅಮ್ಮಂಗೆ ಸಾರಿಗಾಯ್ತದೆ, ಮಡಗು" ಅಂದರು. ಅರ್ಜಿಯಲ್ಲಿ ನನ್ನ ಸಹಿ ಹನ್ನೊಂದನೆಯದು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ಮುಂದಿನ ಭಾನುವಾರ ಸಂಘದ ಮೀಟಿಂಗ್ ಇದೆ. ಆ ಕಾಯ್ದೆಯ ಪುಟಗಳನ್ನ ಪ್ರಿಂಟ್ ತೆಗೆದಿಟ್ಕೊಂಡಿದೀನಿ. ಗೆಡ್ಡಿಸ್ ಹೇಳಿದ ಹಾಗೆ ಮೊದಲು ಟೇಪು ಹಿಡಿದು ಫುಟ್‌ಪಾತ್ ಅಳೆದೆ. ಗೇಟಿನ ಎಡಕ್ಕೆ, ನಮ್ಮದೇ ಕಾಂಪೌಂಡ್ ಒಳಕ್ಕೆ ಬಾಗಿರುವ ಕಡೆ, ಎರಡು ಗಾಡಿ ಮತ್ತು ಒಂದು ಗೋಣಿಚೀಲ ಇಟ್ಟರೂ ನಡೆಯೋಕೆ ಐದು ಅಡಿ ಉಳಿಯತ್ತೆ, ಕಾರು ನಿಲ್ಲಿಸದಿದ್ದರೆ. ನನ್ನ ಸಹಿ ವಾಪಸ್ ತಗೊಳ್ತೀನಿ ಅಂತ ಅಧ್ಯಕ್ಷರಿಗೆ ಆಗಲೇ ಹೇಳಿದೆ. "ನಿಮಗ್ಯಾಕ್ರೀ ಇಲ್ಲದ ಉಸಾಬರಿ" ಅಂದರು. ಅಮ್ಮ ಮಾತ್ರ "ನಾನೂ ಬರ್ತೀನಿ ಮೀಟಿಂಗಿಗೆ, ಮಂಡಿ ನಂದು ತಾನೇ" ಅಂದಿದ್ದಾರೆ. ನನಗೆ ಸದ್ಯಕ್ಕೆ ಇರುವ ದೊಡ್ಡ ಬಲ ಅದೇ.

ಏನಾಯ್ತು ಅಂತ ಮುಂದೆ ಬರೀತೀನಿ. ನಿಮ್ಮ ಬೀದಿಯಲ್ಲಿ ಯಾರು ಕೂರ್ತಾರೆ, ಯಾರನ್ನ ಎಬ್ಬಿಸಿದರು, ಯಾರು ಮರಳಿ ಬಂದರು? ನೀವೂ ಬರೀರಿ, ಓದೋಣ.